ಅರ್ಥ್ ಇಲ್ಲದ ಬಚ್ಚಲು

ಅಕ್ಕನನ್ನು ಶನಿವಾರ ಡಿಸ್ಚಾರ್ಜ್ ಮಾಡುತ್ತಾರೆ ಎಂದು ಗೊತ್ತಾದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಗೆಂದು ಹೊರಟರೆ ಕಾಲು ತಾನಾಗಿ ಹಿಂದಿನ ಬಚ್ಚಲಿನ ಕಡೆ ತಿರುಗುತ್ತಿತ್ತು. ಬಾಗಿಲಲ್ಲಿ ನಿಂತು ಗೋಡೆ ನೋಡುವುದು, ಲೈಟ್ ಹಾಕುವುದು, ಆರಿಸುವುದು, ವಾಪಸ್ ಬರುವುದು. ಆ ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅದೇ ಪ್ರಾಬ್ಲೆಮ್. ಅಲ್ಲಿ ಒಂದು ಪ್ಲಗ್ ಪಾಯಿಂಟ್ ಇರಬೇಕಿತ್ತು.

ಅಕ್ಕ ಸಿದ್ದಾಪುರದ ಗಂಡನ ಮನೆಯಲ್ಲಿ ಬಚ್ಚಲಿಗೆ ಇಳಿಯುವ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಕುಂದಾಪುರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಇನ್ನು ಮೇಲೆ ಮೆಟ್ಟಿಲು ಹತ್ತಿಳಿಯುವುದು ಬೇಡ, ಕುಕ್ಕರುಗಾಲಲ್ಲಿ ಕೂರುವುದು ಬೇಡ, ತಣ್ಣೀರಂತೂ ಬೇಡವೇ ಬೇಡ ಎಂದರು ಡಾಕ್ಟರು. ಹಾಗಾಗಿ ಅವಳು ಹೋಗಬಹುದಾದ ಜಾಗ ಎರಡೇ. ಒಂದು, ಕುಂದಾಪುರದಲ್ಲೇ ಇರುವ ಅವಳ ಮಗಳ ಫ್ಲ್ಯಾಟ್. ಲಿಫ್ಟ್, ಗೀಸರ್, ಕಮೋಡ್ ಎಲ್ಲ ರೆಡಿ. ಇನ್ನೊಂದು, ಬ್ರಹ್ಮಾವರದಿಂದ ಬಾರ್ಕೂರಿಗೆ ಹೋಗುವ ರಸ್ತೆಯ ಪಕ್ಕದ ನನ್ನ ಪುಟ್ಟ ತಾರಸಿ ಮನೆ. ರಿಟೈರ್ ಆಗುವ ಮೊದಲು, ಇಂಗ್ಲಿಷ್ ಟೀಚರ್ ಕೆಲಸದ ಉಳಿತಾಯದಲ್ಲಿ ಕಟ್ಟಿಸಿಕೊಂಡದ್ದು. ಮೆಟ್ಟಿಲಿಲ್ಲ, ಕಮೋಡ್ ಇದೆ. ಆದರೆ ಬಿಸಿನೀರೆಂದರೆ ಗ್ಯಾಸಿನ ಮೇಲೆ ಪಾತ್ರೆ ಇಟ್ಟು ಕಾಯಿಸಿ ಹೊತ್ತುಕೊಂಡು ಹೋಗಬೇಕು.

"ನೀ ನೀರ್ ಹೊತ್ಕಂಡ್ ಬಂದ್, ದಾರಿಯಗೆ ಬಿದ್ದ್, ನಿಂದೂ ಸೊಂಟ ಮುರ್ದ್ರೆ ನಮ್ಮಿಬ್ರನ್ನೂ ಬಚ್ಚಲಗೆ ಕೂರ್ಸಿ ಮೀಸುದ್ ಯಾರ್, ಹೆಣೆ?" ಎಂದು ಅಕ್ಕ ಆಸ್ಪತ್ರೆಯ ಹಾಸಿಗೆಯಿಂದಲೇ ಕೇಳಿದ್ದಳು. "ನಲ್ಲಿ ತಿರ್ಪ್ರೆ ಬಿಸ್ನೀರ್ ಬತ್ತಾ ನಿನ್ನ ಮನಿಯಗೆ?"

"ಬತ್ತ್, ಬತ್ತ್" ಎಂದುಬಿಟ್ಟೆ. ಗೀಸರ್ ಆಗ ಇನ್ನೂ ಅಂಗಡಿಯಲ್ಲಿತ್ತು.

ಅವಳು ನನ್ನ ಮನೆಗೇ ಬರಬೇಕು ಎಂಬ ಆಸೆ ನನಗೆ ಯಾಕಷ್ಟು ಎಂದು ಕೇಳಿದರೆ ಹೇಳುವುದು ಕಷ್ಟ. ಮುಂಬೈಯಲ್ಲಿ ಹೋಟೆಲಿದ್ದ ನಮ್ಮ ಸೋದರಮಾವ, ಹುಡುಗಿಯರಲ್ಲಿ ಒಬ್ಬಳಾದರೂ ಇಂಗ್ಲಿಷ್ ಕಲಿಯಲಿ ಎಂದು ಹಟ ಹಿಡಿದು, ನನ್ನನ್ನು ಚಿಕ್ಕವಳಿರುವಾಗಲೇ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿಸಿದರು. ಅಕ್ಕ ಅಷ್ಟರಲ್ಲಾಗಲೇ ಒಲೆಯ ಮುಂದೆ ಕೂತಾಗಿತ್ತು. ಆಮೇಲೆ ನಾವು ಹಾಲಿಡೇ ಸಿಸ್ಟರ್ಸ್. ಮೇ ತಿಂಗಳು, ಕ್ರಿಸ್ಮಸ್ ರಜೆ, ಯಾರದೋ ಮದುವೆ, ಯಾರದೋ ಸಾವಿನ ಬೊಜ್ಜ. ಅವಳ ಕೈಯ ಅಡುಗೆ ನನಗೆ ಯಾವಾಗಲೂ ರಜೆಯ ಊಟವೇ ಆಯಿತು. ಒಂದೇ ಸೂರಿನಡಿ ಬರೀ ಮಾಮೂಲಿ ದಿನಗಳನ್ನು ಅವಳ ಜೊತೆ ಕಳೆಯಬೇಕು, ಮಂಗಳವಾರ ಬುಧವಾರದಂಥ ದಿನಗಳನ್ನು. ಅಷ್ಟೇ. ಅದಕ್ಕೆ ಅಡ್ಡ ನಿಂತಿದ್ದದ್ದು ಒಂದು ಪ್ಲಗ್ ಪಾಯಿಂಟ್.

ಗೀಸರ್ ತಂದಾಯಿತು. ಡಬ್ಬದೊಳಗಿದ್ದ ಬುಕ್‌ಲೆಟ್ಟನ್ನು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಮೊದಲಿಂದ ಕೊನೆಯ ತನಕ ಓದಿದೆ. ಇಂಥದ್ದನ್ನೆಲ್ಲ ಓದುವವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಎರಡು ಸಾವಿರ ವ್ಯಾಟ್. ಮೂರು ಪಿನ್ನಿನ ದೊಡ್ಡ ಸಾಕೆಟ್. ಬೇರೆ ಯಾವುದಕ್ಕೂ ಹಂಚದ, ಇದಕ್ಕೇ ಮೀಸಲಾದ ಲೈನ್. ಸರಿಯಾದ ಅರ್ಥಿಂಗ್ ಇಲ್ಲದೆ ಉಪಯೋಗಿಸಬಾರದು ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿದ್ದರು. ನಮ್ಮ ಫಿಸಿಕ್ಸ್ ಸಿಸ್ಟರು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ಕಣ್ಣಿಗೆ ಬಂತು: ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. ಭಾಗಿಸಿದೆ. ಒಂಬತ್ತರ ಹತ್ತಿರ ಬಂತು. ಲೈಟಿಗೆ ಹಾಕುವ ಸಪೂರ ತಂತಿಯಲ್ಲಿ ಅಷ್ಟನ್ನು ದಿನವೂ ಎಳೆದರೆ ಗೋಡೆಯೊಳಗೆ ಅದು ಬಿಸಿಯಾಗುತ್ತದೆ, ಹೊರಗಿನಿಂದ ನಮಗೆ ಗೊತ್ತೂ ಆಗುವುದಿಲ್ಲ.

ಮಂಗಳವಾರ ಬೆಳಿಗ್ಗೆ ನನ್ನ ತಮ್ಮ ಕಿರಿಮಂಜೇಶ್ವರದಿಂದ ಸ್ಕೂಟರಿನಲ್ಲಿ ಬಂದ. ಮಾವನ ಹೋಟೆಲನ್ನು ಆಮೇಲೆ ನಡೆಸಿದವನು ಅವನೇ. ಈಗ ಊರಿಗೆ ಬಂದು ಆರಾಮವಾಗಿದ್ದಾನೆ. ಮುಂಬೈಯಿಂದ ಬಂದ ಸಾಮಾನು ಎಂದರೆ ಅವನಿಗೆ ದೇವರ ಪ್ರಸಾದ. ಸ್ಕೂಟರಿನ ಹ್ಯಾಂಡಲ್ಲಿಗೆ ಬಿಳಿಯ ವೈರಿನ ಒಂದು ದೊಡ್ಡ ಸುರುಳಿ ನೇತುಹಾಕಿಕೊಂಡಿದ್ದ.

"ಇಕಾ ಕಾಣ್. ಬೊಂಬಾಯಿ ವಯರ್! ಹೋಟ್ಲ್ ರಿಪೇರಿ ಮಾಡ್ಸಿದಾಗ ಉಳ್ದದ್ದ್. ಇಷ್ಟ್ ದಪ್ಪದ್ ಇಲ್ ಯಾವ್ ಅಂಗ್ಡಿಯಗೂ ಸಿಕ್ಕುದಿಲ್ಲೆ."

ದಪ್ಪವೇನೋ ಹೌದು. ನನ್ನ ಕಿರುಬೆರಳಿನಷ್ಟು ಅಗಲ, ಚಪ್ಪಟೆ, ಮೈಮೇಲೆಲ್ಲ ಅಟ್ಟದ ಧೂಳು. ಹೊಲಿಗೆ ಡಬ್ಬದಿಂದ ಬ್ಲೇಡ್ ತಂದು ಅದರ ತುದಿಯನ್ನು ನಿಧಾನ ಸೀಳಿದೆ. ಚಕ್ಕೋತ ಹಣ್ಣಿನ ಹಾಗೆ. ಸಿಪ್ಪೆ ಬಿಡಿಸಿದಷ್ಟೂ ಸಿಪ್ಪೆ, ಒಳಗೆ ಇಷ್ಟೇ ಇಷ್ಟು. ಎರಡು ಸಪೂರ ತಂತಿ, ಒಂದು ಕೆಂಪು, ಒಂದು ಕಪ್ಪು. ಅರ್ಥಿಗೆ ಬೇಕಾದ ಮೂರನೆಯದು ಇರಲೇ ಇಲ್ಲ.

"ಇದ್ರಗೆ ಎರಡೇ ಇತ್ತಲ್ಲ ಮಾರಾಯ. ಅದೂ ಸಪೂರ."

"ಎರಡ್ ಸಾಕಲ್ದಾ? ಒಂದ್ ಹೋಪುಕೆ, ಒಂದ್ ಬಪ್ಪುಕೆ. ನಮ್ ಹೋಟ್ಲಗೆ ಎಲ್ಲ ಫ್ಯಾನೂ ಇದ್ರಗೇ ತಿರ್ಗ್ತಿತ್ತ್."

"ಫ್ಯಾನ್ ತಿರ್ಗುದೂ ನೀರ್ ಕಾಯ್ಸುದೂ ಒಂದೇಯಾ?"

"ನೀ ಟೀಚರ್ ಅಂದೇಳಿ ವಯರಿಗೂ ಮಾರ್ಕ್ ಹಾಕುದಾ?" ಎಂದು ಅವನು ಮುಖ ಊದಿಸಿಕೊಂಡ. ಸುರುಳಿಯನ್ನು ವಾಪಸ್ ಒಯ್ಯಲಿಲ್ಲ. ನಾಳೆಯಾದರೂ ನನಗೆ ಬುದ್ಧಿ ಬಂದೀತು ಎಂಬ ನಂಬಿಕೆಯಿಂದ ಜಗುಲಿಯಲ್ಲೇ ಬಿಟ್ಟುಹೋದ.

ಬುಧವಾರ ಎಲೆಕ್ಟ್ರಿಷಿಯನ್ ಬಂದ. ಭುಜಕ್ಕೂ ಕಿವಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡೇ ಕೆಲಸ ಮಾಡುವ ಜಾತಿಯವನು. ಇನ್ನೊಂದು ಮನೆಯವರಿಗೆ "ಹೊರ್ಟೆ, ಹೊರ್ಟೆ, ದಾರಿಯಗಿದ್ದೆ" ಎಂದು ನನ್ನ ಬಚ್ಚಲಿನಲ್ಲಿ ನಿಂತು ಹೇಳುತ್ತಿದ್ದ.

"ಲೈಟಿಂದೇ ಒಂದ್ ಎಳ್ದ್ ಪಾಯಿಂಟ್ ಕೊಡ್ತೆ ಅಮ್ಮ. ಅರ್ಧ ಗಂಟಿ ಕೆಲ್ಸ" ಎಂದ ನನ್ನ ಕಡೆ ತಿರುಗಿ.

"ಲೈಟಿನ ವೈರ್ ಗೀಸರಿಗೆ ತಡೀತಾ?"

"ಒಂದ್ ಬಕೇಟ್ ನೀರಿಗ್ ಎಂತ ಆಪ್ದ್?"

"ಅರ್ಥ್ ಇತ್ತಾ ಅಲ್ಲಿ?"

ಅವನು ಸ್ವಿಚ್ಚಿನ ಡಬ್ಬ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದ. ಈ ಬಚ್ಚಲು ಮನೆ ಕಟ್ಟಿ ಎಷ್ಟೋ ಸಮಯದ ಮೇಲೆ ಹಿಂದೆ ಸೇರಿಸಿದ್ದು. ಆಗ ಮೇಸ್ತ್ರಿ ಒಂದು ಬಲ್ಬಿಗೆ ಬೇಕಾದಷ್ಟೇ ಎಳೆಸಿದ್ದ.

"ಇಲ್ಲೆ ಅಮ್ಮ. ಈ ಬದಿಗ್ ಅರ್ತ್ ಎಳೀಲೇ ಇಲ್ಲೆ. ಎರಡೇ ವಯರ್." ನನ್ನ ಮುಖ ನೋಡಿ ಸಮಾಧಾನ ಹೇಳಿದ: "ಸುಮಾರ್ ಮನಿಯಗೆ ಇಲ್ಲೆ. ಎಲ್ಲರೂ ಮೀತ್ರಲ್ಲ?"

"ನನ್ನ ಅಕ್ಕ ಮೀವುದಿಲ್ಲೆ" ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಯಿತು.

ಚರ್ಚೆಯಾಗಿ ಕೊನೆಗೆ ಹೀಗೆ ತೀರ್ಮಾನವಾಯಿತು: ಜಗುಲಿಯ ಮೀಟರ್ ಬೋರ್ಡಿನಿಂದಲೇ ಗೀಸರಿಗೊಂದು ಹೊಸ ಲೈನ್, ಅದಕ್ಕೆ ಅದರದೇ ಬ್ರೇಕರ್, ಜೊತೆಗೆ ಅರ್ಥಿನ ತಂತಿ. ಜಗುಲಿಯ ಪಕ್ಕ ಅರ್ಥಿನ ಗುಂಡಿ ಇದೆ. ಅದರ ಮೇಲೆ ನಾನು ಅಬ್ಬಲಿಗೆ ಗಿಡ ನೆಟ್ಟು ದಿನಾ ನೀರು ಹಾಕುತ್ತೇನೆ. ಮಣ್ಣು ತೇವವಿರುವುದರಿಂದ ಅರ್ಥ್ ಚೆನ್ನಾಗಿರುತ್ತದೆ ಎಂದು ಅವನೇ ಮೆಚ್ಚಿದ. ವೈರ್ ಮಾತ್ರ ನಾನೇ ತಂದಿಡಬೇಕು, ಅವನಿಗೆ ಪೇಟೆಗೆ ಹೋಗಲು ಪುರುಸೊತ್ತಿಲ್ಲ.

"ಎಷ್ಟು ದಪ್ಪದ್ದು ತರಲಿ?"

"ಎರಡೂವರೆಯಾರೂ ಆತ್ತ್, ನಾಲ್ಕಾರೂ ಆತ್ತ್" ಎನ್ನುತ್ತ ಅವನು ಬೈಕ್ ಸ್ಟಾರ್ಟ್ ಮಾಡಿದ. ಒಂದೂವರೆ, ಎರಡೂವರೆ, ನಾಲ್ಕು ಎಂದರೆ ತಾಮ್ರವನ್ನು ಅಡ್ಡ ಕತ್ತರಿಸಿದರೆ ಕಾಣುವ ಮುಖದ ಅಳತೆ, ಚದರ ಮಿಲಿಮೀಟರಿನಲ್ಲಿ. ಅದು ನನಗೆ ಗೊತ್ತಿತ್ತು. ಆದರೆ ಯಾವುದಾದರೂ ಆದೀತು ಎನ್ನುವವರ ಮಾತು ಕೇಳಿ ನನಗೆ ಯಾವತ್ತೂ ನಿದ್ದೆ ಬಂದದ್ದಿಲ್ಲ.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ವಾರ್ಡಿನಲ್ಲಿ ಊಟದ ಗಾಡಿಯ ಗಡಗಡ. ನಾನು ಅವಸರದಲ್ಲಿದ್ದೆ, ತಲೆಯಲ್ಲಿ ಬರೀ ವೈರು.

"ಅಕ್ಕ, ಎಲೆಕ್ಟ್ರಿಷಿಯನ್ ಬಂದ್ ಕಂಡ್ಕಂಡ್ ಹೋದ. ಅರ್ಥ್ ಇಲ್ಲೆ ಅಂಬ್ರ್. ಅರ್ಥ್ ಇಲ್ದೆ ನಿನ್ನ ಇಲ್ಲಿಗ್ ತಪ್ದ್ ಹ್ಯಾಂಗೆ ಹೇಳ್? ಸುಮ್ನೆ ರಿಸ್ಕ್."

ಆ ಕಡೆ ಊಟದ ತಟ್ಟೆ ಪಕ್ಕಕ್ಕೆ ಸರಿಸಿದ ಸದ್ದು.

"ಹಾಂಗಾ" ಎಂದಳು ಅಕ್ಕ. "ಆಯ್ತ್ ಬಿಡ್. ನೀ ಕಲ್ತವ್ಳ್. ನಿಂಗ್ ಗೊತ್ತಿತ್ತ್."

ಎಷ್ಟು ಸಲೀಸಾಗಿ ಒಪ್ಪಿಕೊಂಡಳಲ್ಲ ಎಂದು ನನಗೆ ಸಮಾಧಾನವೇ ಆಯಿತು.

ಗುರುವಾರ ಬೆಳಿಗ್ಗೆ, ನಾನು ಪೇಟೆಗೆ ಹೊರಡುವ ಹೊತ್ತಿಗೆ, ತಮ್ಮನ ಫೋನ್. "ನೀ ಇನ್ ವಯರ್ ತಪ್ದ್ ಬ್ಯಾಡ. ಅಕ್ಕ ಮಗಳ ಮನಿಗೇ ಹೋತ್ಲಂಬ್ರ್. ಶನಿವಾರ ಕಾರ್ ತಕಂಡ್ ಬಾ ಅಂದೇಳಿ ಅವ್ಳಿಗ್ ಹೇಳಿಯೂ ಆಯ್ತ್."

"ಎಂತಕೆ? ನಿನ್ನೆ ಸರಿಯಿದ್ಲಲ್ಲ!"

"ನಂಗೆಂತ ಗೊತ್ತ್? ನೀ ಎಂತದೋ ಹೇಳಿದ್ಯಂಬ್ರ್. ಕೇಂಡ್ರೆ ಬಾಯ್ ಬಿಡುದಿಲ್ಲೆ. ಬೊಂಬಾಯಿ ವಯರ್ ಹಾಕಿದ್ದಿರೆ ನಿನ್ನೆಗೇ ಕೆಲ್ಸ ಮುಗೀತಿತ್ತ್."

ಸೀರೆ ಉಟ್ಟಾಗಿತ್ತು, ಚೀಲ ಕೈಯಲ್ಲಿತ್ತು. ವಾಪಸ್ ಹೋಗಿ ಕೂತುಕೊಳ್ಳುವ ಶಕ್ತಿ ನನಗಿರಲಿಲ್ಲ. ಬಸ್ಸು ಹತ್ತಿದೆ. ಬ್ರಹ್ಮಾವರದಲ್ಲಿ ಇಳಿದು ಕುಂದಾಪುರದ ಬಸ್ಸು ಹಿಡಿದೆ. ಕಿಟಕಿಯಲ್ಲಿ ಹೈವೇ ಓಡುತ್ತಿತ್ತು. ನಾನು ನಿನ್ನೆಯ ಮಾತನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದೆ. ಏನು ಹೇಳಿದೆ? ಎಲೆಕ್ಟ್ರಿಷಿಯನ್ ಬಂದ ಎಂದೆ. ರಿಸ್ಕ್ ಎಂದೆ. ರಿಸ್ಕ್ ಎಂದರೆ ಅವಳು ಹೊರೆ ಎಂದು ಕೇಳಿಸಿತೇ? ಅವಳನ್ನು ಮೀಸುವ ಕೆಲಸ ನನಗೆ ಬೇಡವೆಂದುಕೊಂಡಳೇ? ಪಕ್ಕದಲ್ಲಿ ಕೂತ ಹೆಂಗಸು ಎರಡು ಸಲ ನನ್ನ ಕಡೆ ತಿರುಗಿದಳು; ನಾನು ಬಾಯಿಬಿಟ್ಟೇ ಮಾತಾಡಿಕೊಳ್ಳುತ್ತಿದ್ದೆನೋ ಏನೋ.

ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಬಿಡುವ ಹೊತ್ತು ಇನ್ನೂ ಆಗಿರಲಿಲ್ಲ. ಅವಳು ಬರಲಿ ಬಿಡಲಿ, ವೈರನ್ನಾದರೂ ತೆಗೆದುಕೊಳ್ಳೋಣ ಎಂದು ಪೇಟೆಯ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಹಟ ಎನ್ನಿ. ಗೋಡೆಯ ತುಂಬ ಬಣ್ಣಬಣ್ಣದ ಸುರುಳಿಗಳು. ಅಂಗಡಿಯವರು ಒಂದೇ ಉಸಿರಿಗೆ ಕೇಳಿದರು: ಎಂತಕ್ಕೆ, ಎಷ್ಟು ಉದ್ದ, ತಾಮ್ರವಾ, ಪೈಪಿನೊಳಗಾ ಹೊರಗಾ? ಉದ್ದವನ್ನು ನಾನು ಮೊದಲೇ ಅಳೆದಿದ್ದೆ. ಟೇಪ್ ಇರಲಿಲ್ಲ, ಹಳೆಯ ಸೀರೆಯಿಂದ ಅಳೆದದ್ದು. ನೆಲದ ಮೇಲಲ್ಲ, ಬೋರ್ಡಿನಿಂದ ಮೇಲೆ, ತಾರಸಿಯ ಅಂಚಿನಲ್ಲಿ ಉದ್ದಕ್ಕೆ, ಮತ್ತೆ ಬಚ್ಚಲಿನ ಗೋಡೆಯಲ್ಲಿ ಕೆಳಕ್ಕೆ, ವೈರ್ ಹೋಗುವ ದಾರಿಯಲ್ಲೇ. ನಡುವೆ ಗಂಟು ಹಾಕಿ ಜೋಡಿಸುವಂತಿರಬಾರದು ಎಂದು ಒಂದು ಗೇಣು ಹೆಚ್ಚೇ ಇಟ್ಟಿದ್ದೆ.

ನನ್ನ ಮನಸ್ಸಿದ್ದದ್ದು ನಾಲ್ಕರ ಮೇಲೆ. ದಪ್ಪವಿದ್ದಷ್ಟೂ ಸೇಫ್ ಅಲ್ಲವೇ? ಕೈಗೆ ತೆಗೆದುಕೊಂಡು ಬಗ್ಗಿಸಿ ನೋಡಿದೆ. ಬಿರುಸು. ಆಮೇಲೆ ಯೋಚಿಸಿದೆ. ನನ್ನ ಗೀಸರ್ ಎಳೆಯುವುದು ಒಂಬತ್ತು ಆಂಪಿಯರಿನಷ್ಟು. ಹದಿನಾರರ ಬ್ರೇಕರ್ ಹಾಕುತ್ತೇವೆ. ಏನಾದರೂ ಹೆಚ್ಚುಕಮ್ಮಿಯಾದರೆ ವೈರ್ ಬಿಸಿಯಾಗುವ ಮೊದಲು ಬ್ರೇಕರ್ ಬೀಳಬೇಕು, ಅಷ್ಟೇ ಲೆಕ್ಕ. ನನ್ನ ಪುಟ್ಟ ಮನೆಯ ಉದ್ದಕ್ಕೆ ಎರಡೂವರೆಯ ತಾಮ್ರ ಅದನ್ನು ಆರಾಮವಾಗಿ ಹೊರುತ್ತದೆ. ಒಂದೂವರೆ ಲೈಟಿಗಾಯಿತು. ನಾಲ್ಕು, ಭಯ ಕಳೆಯಲಿಕ್ಕೆ ಮಾತ್ರ. ನನ್ನ ತಮ್ಮ ಮುಂಬೈಯ ದಪ್ಪವನ್ನು ನಂಬಿದಂತೆ ನಾನೂ ಬರೀ ದಪ್ಪವನ್ನೇ ನಂಬುವುದೇ? ಎರಡೂವರೆ ಎಂದೆ. ಕೆಂಪು, ಕಪ್ಪು.

"ಅರ್ತಿನ ಹಸ್ರ್? ಸಣ್ಣದ್ ಸಾಕಲ್ದಾ ಅಮ್ಮ, ಎಲ್ಲರೂ ಅದೇ ತಕಂತ್ರ್."

"ಬೇಡ. ಅದೂ ಎರಡೂವರೆಯೇ."

ಅವರು ಹಿಂದಿನ ಗೋಡೌನಿನ ಕಡೆ ತಿರುಗಿ ಕೂಗಿದರು: "ಹ್ವಾಯ್! ಇಲ್ಲೊಬ್ರ್ ಅಮ್ಮಂಗೆ ಅರ್ತ್ ಇಲ್ಲೆ ಅಂಬ್ರ್, ಹಸ್ರ್ ಒಂದ್ ಕಟ್ಟ್ ತಾ!"

ಬಲ್ಬ್ ಕೊಳ್ಳಲು ನಿಂತಿದ್ದ ಒಬ್ಬರು ನಕ್ಕುಬಿಟ್ಟರು. "ಅರ್ಥ ಇಲ್ದಿದ್ರೆ ಹಸ್ರ್ ಕೊಟ್ರೆ ಬತ್ತಾ ಮಾರಾಯ್ರೆ?"

ಎಲ್ಲರೂ ನಕ್ಕರು. ನಾನು ಕೌಂಟರಿನ ಗಾಜು ಹಿಡಿದುಕೊಂಡೆ. ಓ ಮೈ ಗಾಡ್. ಅರ್ಥ ಇಲ್ಲ. ಅರ್ಥ ಇಲ್ಲದೆ ನಿನ್ನನ್ನು ಇಲ್ಲಿಗೆ ತರುವುದು ಹೇಗೆ, ಸುಮ್ಮನೆ ರಿಸ್ಕ್. ಅಕ್ಕ ಕೇಳಿಸಿಕೊಂಡದ್ದು ಅದು. ನಾನು ಹೇಳಿದ್ದೂ ಅದೇ, ಅಕ್ಷರಕ್ಕೆ ಅಕ್ಷರ.

ಆಸ್ಪತ್ರೆಯವರೆಗೆ ರಿಕ್ಷಾ ಮಾಡಿದೆ. ಅಕ್ಕ ದಿಂಬಿಗೊರಗಿ ಕಿಟಕಿಯ ಕಡೆ ಮುಖ ಮಾಡಿದ್ದಳು. ನಾನು ಬಂದದ್ದು ಗೊತ್ತಾದರೂ ತಿರುಗಲಿಲ್ಲ.

"ಊಟ ಆಯ್ತಾ?" ಎಂದಳು, ದೂರದ ನೆಂಟರನ್ನು ಕೇಳುವಂತೆ.

ನಾನು ಚೀಲದಿಂದ ಹಸಿರು ಸುರುಳಿ ತೆಗೆದು ಅವಳ ಮಡಿಲಲ್ಲಿಟ್ಟೆ. "ಇದ್ ಅಕ್ಕ. ಇದ್ ಇಲ್ಲೆ ಅಂದೇಳಿ ನಾ ಹೇಳಿದ್ದ್."

"ಎಂತ ಇದ್?"

"ಅರ್ಥ್. ಅರ್ಥ ಅಲ್ಲ, ಅರ್ಥ್. ಈ, ಎ, ಆರ್, ಟಿ, ಹೆಚ್."

"ಸ್ಪೆಲ್ಲಿಂಗ್ ಫೋನಗೆ ಕೇಂತಾ?" ಅಕ್ಕ ಈಗ ಪೂರಾ ತಿರುಗಿದಳು. ಕಣ್ಣು ಕೆಂಪಾಗಿತ್ತು. "ರಾತ್ರಿಡೀ ಅದನ್ನೇ ಯೋಚ್ನಿ ಮಾಡ್ದೆ. ಕಲ್ತವ್ಳ್ ಹೇಳ್ದ್ಲ್ ಅಂದ್ರೆ ಹೌದಾಯ್ಕ್ ಅಂದ್ಕಂಡೆ. ಈ ಪ್ರಾಯದಗೆ ನನ್ನ ಕರ್ಕಂಡ್ ಹೋಯಿ ಎಂತ ಅರ್ಥ, ಅಲ್ದಾ?"

"ಹಾಂಗಲ್ಲ ಅಕ್ಕ..."

"ಭೂಮಿ ಅಂದ್ ಹೇಳುಕೆ ಎಂತ ಆಯ್ತ್ ನಿಂಗೆ? ನೆಲದ್ ವಯರ್ ಅಂದೇಳಿ ಹೇಳ್ರೆ ಬಾಯ್ ಸವೀತಾ?"

"ಹಾಂಗೆ ಯಾರೂ ಹೇಳುದಿಲ್ಲೆ."

"ನೀ ಹೇಳ್. ಟೀಚರಲ್ದಾ ನೀ?"

ಅವಳು ಸುರುಳಿಯ ತುದಿಯನ್ನು ಬಗ್ಗಿಸಿ ನೋಡುತ್ತಿದ್ದಳು, ತರಕಾರಿ ಎಳೆಯದೋ ಬಲಿತದ್ದೋ ಎಂದು ನೋಡುವ ಹಾಗೆ. "ಎಂತ ಮಾಡ್ತ್ ಇದ್?"

ಹೇಳಿದೆ. ಗೀಸರಿನ ಒಳಗೆ ಏನಾದರೂ ಕೆಟ್ಟು ಕರೆಂಟು ಅದರ ಮೈಗೆ, ನೀರಿಗೆ ಬಂದರೆ, ನಮ್ಮ ಮೈ ಹೊಗುವ ಬದಲು ಈ ತಂತಿ ಹಿಡಿದು ನೆಲಕ್ಕೆ ಇಳಿದುಹೋಗುತ್ತದೆ, ಆಗ ಬ್ರೇಕರ್ ಬೀಳುತ್ತದೆ ಎಂದು.

"ಏನೂ ಕೆಡ್ದಿದ್ರೆ?"

"ಸುಮ್ನೆ ಇರ್ತ್. ಕೆಲ್ಸ ಇಲ್ಲೆ ಅದ್ಕೆ."

"ನಮ್ ತಮ್ಮನಂಗೆ" ಎಂದಳು ಅಕ್ಕ. ನಕ್ಕರೆ ಸೊಂಟ ನೋಯುತ್ತದೆಂದು ಬಾಯಿಗೆ ಸೆರಗು ಒತ್ತಿಕೊಂಡಳು. ಆದರೆ ಬರುತ್ತೇನೆ ಎನ್ನಲಿಲ್ಲ. ಮಗಳಿಗೆ ಮಾತು ಕೊಟ್ಟಾಗಿದೆ. ಮೊದಲು ಬಿಸಿನೀರು ಬರಲಿ, ಶನಿವಾರ ಬೆಳಿಗ್ಗೆ ಕಾಂಬ, ಎಂದಳು.

ಶುಕ್ರವಾರ ಎಲೆಕ್ಟ್ರಿಷಿಯನ್ "ಹೊರ್ಟೆ, ದಾರಿಯಗಿದ್ದೆ" ಎನ್ನುತ್ತಲೇ ಮಧ್ಯಾಹ್ನ ಮಾಡಿದ. ಆ ಮಾತನ್ನು ಅವನು ಎಲ್ಲಿ ನಿಂತು ಹೇಳುತ್ತಾನೆಂದು ನನಗೆ ಗೊತ್ತಿದ್ದರಿಂದ ಗೇಟಿಗೂ ಬಚ್ಚಲಿಗೂ ನಡುವೆ ಓಡಾಡಿ ಕಾಲು ಸೋತಿತು. ಬಂದ ಮೇಲೆ ಮಾತ್ರ ಕೆಲಸ ಓಡಿತು. ಗೋಡೆ ಕೊರೆದ ಧೂಳು ಮನೆಯಿಡೀ. ತಮ್ಮನೂ ಬಂದ, ಬಾಯಿ ಮುಚ್ಚಿಕೊಂಡು ಏಣಿ ಹಿಡಿದ. ನಡುವೆ ಪುರುಸೊತ್ತಾದಾಗ ಮುಂಬೈಯ ವೈರನ್ನು ಹಿತ್ತಲಿನ ಎರಡು ತೆಂಗಿನ ಮರಕ್ಕೆ ಬಿಗಿದು, ಅಕ್ಕನ ಬಟ್ಟೆ ಒಣಗಿಸಲು ಆಯಿತು ಎಂದ. ಅದಕ್ಕೆ ಅದು ಫಸ್ಟ್ ಕ್ಲಾಸ್.

ಎಲ್ಲ ಮುಗಿದ ಮೇಲೆ ನಾನು ಎಲೆಕ್ಟ್ರಿಷಿಯನ್ನಿಗೆ, ಬಲ್ಬಿನಲ್ಲಿ ಟೆಸ್ಟ್ ಮಾಡಿ ತೋರಿಸು ಎಂದೆ. ಅವನು ಬಲ್ಬಿನ ತಂತಿಯ ಒಂದು ತುದಿಯನ್ನು ಕರೆಂಟು ಬರುವ ಫೇಸಿಗೆ, ಇನ್ನೊಂದನ್ನು ಅರ್ಥಿಗೆ ಹಿಡಿದ. ಬಲ್ಬ್ ಪೂರ್ತಿ ಉರಿಯಿತು. "ಬಂತಾ ಅಮ್ಮ ಅರ್ತ್?" ಎಂದ. ಗೀಸರ್ ಹಾಕಿದೆವು. ಕೆಂಪು ದೀಪ ಹೊತ್ತಿತು. ನಾನು ಗೋಡೆಯ ಮೇಲಿನ ವೈರಿನ ಪೈಪಿನುದ್ದಕ್ಕೂ ಅಂಗೈ ಇಟ್ಟುಕೊಂಡು ಹೋದೆ. ತಣ್ಣಗಿತ್ತು. ನೀರು ಮಾತ್ರ ಬಿಸಿ.

ಶನಿವಾರ ಬೆಳಿಗ್ಗೆ ಅಕ್ಕನಿಗೆ ಫೋನ್ ಹಚ್ಚಿ, ಅದನ್ನು ಬಕೆಟಿನ ಹತ್ತಿರ ಹಿಡಿದು ನಲ್ಲಿ ತಿರುಗಿಸಿದೆ.

"ಕೇಂತಾ?"

"ನೀರಿನ ಸದ್ದ್ ಕೇಂತ್. ಬಿಸಿ ಇತ್ತ್ ಅಂದೇಳಿ ನಂಗ್ ಹ್ಯಾಂಗ್ ಗೊತ್ತಾಪ್ದ್?"

"ಕೈ ಸುಟ್ಕಂಡೆ ಅಕ್ಕ, ಈಗ್ಲೇ!"

ಆ ಕಡೆ ಮಗಳ ದನಿ, ಏನೋ ಮಾತು, ಮತ್ತೆ ಅಕ್ಕನ ದನಿ. ಕಾರು ಕುಂದಾಪುರದ ಫ್ಲ್ಯಾಟಿಗೆ ತಿರುಗದೆ ಹೈವೇ ಹಿಡಿಯಿತು ಎಂದು, ಕಾರಿನಲ್ಲಿ ಜೊತೆಗಿದ್ದ ತಮ್ಮ ಮೆಸೇಜ್ ಹಾಕುವ ತನಕ ನಾನು ನಂಬಲಿಲ್ಲ.

ಸಂಜೆ ಅವಳನ್ನು ಬಚ್ಚಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಬಕೆಟ್ ತುಂಬಿಸಿ, ಗೀಸರ್ ಬಂದ್ ಮಾಡಿ ಹೊರಗೆ ಬಂದೆ. ಜಗುಲಿಗೆ ಹೋಗಿ ಬ್ರೇಕರ್ ನೋಡಿದೆ. ವಾಪಸ್ ಬಂದು ಬಾಗಿಲಿಗೆ ಕಿವಿಗೊಟ್ಟೆ. ಚೊಂಬಿನ ಸದ್ದು. ಮತ್ತೆ ಜಗುಲಿಗೆ ಹೋದೆ, ಮತ್ತೆ ಬಂದೆ.

"ಎಂತ ಹೆಣೆ ಅದ್, ಬೆಕ್ಕ್ ತಿರ್ಗ್ದಂಗೆ ಆಚಿಂದ ಈಚಿಗೆ?" ಒಳಗಿನಿಂದ ಅಕ್ಕ ಕೂಗಿದಳು. "ನೀರ್ ತಣ್ಣಗಾತ್ತ್. ಬೆನ್ನ್ ತಿಕ್ಕುಕೆ ಬತ್ಯಾ ಇಲ್ಯಾ?"

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದೆ.